ಮದ್ಯಸಾರ ಮತ್ತು ಯಕೃತ್ತು: ಗಂಡಿಗೊಂದು ಲೆಕ್ಕ, ಹೆಣ್ಣಿಗೊಂದು ಲೆಕ್ಕ ಏಕೆ?

ಕನ್ನಡ ಸಾಹಿತ್ಯದಲ್ಲಿ ಕುಡುಕನ ಪಾತ್ರ ಬಂದಾಗಲೆಲ್ಲ ಅದು ಬಹುಮಟ್ಟಿಗೆ ಗಂಡಸಿನ ಪಾತ್ರವೇ. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಸಂಕಲನದ ರತ್ನನಾಗಲಿ, ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನಾಗಲಿ, ಕನ್ನಡಿಗರ ಮನಸ್ಸಿನಲ್ಲಿ ನೆಲೆನಿಂತವರು ಅವರೇ. ರತ್ನನ ನಂಜಿಗೆ ಆ ಲೋಕದಲ್ಲಿ ಸಿಕ್ಕ ಸ್ಥಾನ ಬೇರೆ. ಆದರೆ ಕಾಲ ಬದಲಾಗಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳು ಇಂದು ಐರೋಲಿ, ಘನ್ಸೋಲಿಯ ಕಚೇರಿಗಳಲ್ಲಿ ಗಂಡುಮಕ್ಕಳ ಸರಿಸಮಾನವಾಗಿ ದುಡಿಯುತ್ತಿದ್ದಾರೆ. ಕಚೇರಿಯ ಔತಣಕೂಟಗಳಲ್ಲಿ, ಮದುವೆಯ ಮುನ್ನಾದಿನದ ಮೆಹಂದಿ ಸಮಾರಂಭಗಳಲ್ಲಿ ಲೋಟ ಯಾರ ಕೈಗೆ ಬೇಕಾದರೂ ಬರಬಹುದು. ಬರಬಾರದು ಎಂದು ಕಣ್ಣು ಮುಚ್ಚಿಕೊಳ್ಳುವುದು ಸುಲಭ; ಬಂದಾಗ ದೇಹದೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಉಪಯುಕ್ತ.

ಒಂದೇ ಪ್ರಮಾಣದ ಮದ್ಯವನ್ನು ಗಂಡು ಮತ್ತು ಹೆಣ್ಣು ಕುಡಿದರೆ ಇಬ್ಬರ ಮೇಲೂ ಒಂದೇ ಪರಿಣಾಮವೇ? ಅಲ್ಲ ಎಂಬುದು ವೈದ್ಯ ವಿಜ್ಞಾನದ ಸ್ಪಷ್ಟ ಉತ್ತರ. ಏಕೆ ಅಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರ ಮಾತ್ರ ಅರ್ಧ ಸರಿ, ಅರ್ಧ ತಪ್ಪು. ನಾವು ವೈದ್ಯರಲ್ಲ, ಕಲಾ ವಿಭಾಗದಲ್ಲಿ ಓದಿ, ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತ ಬಂದವರು. ಆದರೂ ಇದೂ ಒಂದು ಜಮಾ-ಖರ್ಚಿನ ಲೆಕ್ಕವೇ ಆದ್ದರಿಂದ, ತಿಳಿದವರು ಕಂಡುಕೊಂಡಿರುವುದನ್ನು ಓದುಗ ಬಾಂಧವರ ಮುಂದೆ ಕ್ರಮವಾಗಿ ಇಡಲು ಯತ್ನಿಸಿದ್ದೇವೆ.

ಯಕೃತ್ತು ಮಾಡುವ ಕೆಲಸ

ಶಾಲಾ ಪುಸ್ತಕಗಳಲ್ಲಿ ಪಿತ್ತಜನಕಾಂಗವೆಂದೂ ಆಯುರ್ವೇದದಲ್ಲಿ ಯಕೃತ್ತೆಂದೂ ಕರೆಯಲ್ಪಡುವ ಈ ಅಂಗ ಬಲಪಕ್ಕೆಲುಬುಗಳ ಅಡಿಯಲ್ಲಿದ್ದು, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಕುಡಿದ ಮದ್ಯಸಾರದ ಸ್ವಲ್ಪ ಭಾಗ ಜಠರದಿಂದಲೂ, ಹೆಚ್ಚಿನ ಭಾಗ ಸಣ್ಣ ಕರುಳಿನಿಂದಲೂ ರಕ್ತಕ್ಕೆ ಸೇರಿ, ಮೊದಲು ಯಕೃತ್ತನ್ನೇ ತಲುಪುತ್ತದೆ. ಶೇಕಡಾ 2ರಿಂದ 10ರಷ್ಟು ಮಾತ್ರ ಉಸಿರು, ಬೆವರು ಮತ್ತು ಮೂತ್ರದ ಮೂಲಕ ಹಾಗೆಯೇ ಹೊರಹೋಗುತ್ತದೆ. ಉಳಿದದ್ದನ್ನೆಲ್ಲ ದೇಹವೇ ಕರಗಿಸಬೇಕು. ಆ ಭಾರ ಬಹುಪಾಲು ಯಕೃತ್ತಿನದು.

ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಇದು ಮದ್ಯಸಾರಕ್ಕಿಂತಲೂ ಹೆಚ್ಚು ವಿಷಕಾರಿ. ಅನಂತರ ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಆಗಿಸುತ್ತದೆ. ಅದು ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮುಗಿಯುತ್ತದೆ. ಕುಡಿತ ಹೆಚ್ಚಾದಾಗ ಸಿವೈಪಿ2ಇ1 ಎಂಬ ಮೂರನೆಯ ಕಿಣ್ವವೂ ಕೈಜೋಡಿಸುತ್ತದೆ. ಆದರೆ ಅದರ ಕೆಲಸದ ಜೊತೆಗೆ ಜೀವಕೋಶಗಳನ್ನು ಘಾಸಿಗೊಳಿಸುವ ಕಣಗಳೂ ಹುಟ್ಟುತ್ತವೆ.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ ವೇಗ. ಸಾಮಾನ್ಯ ವ್ಯಕ್ತಿಯ ಯಕೃತ್ತು ಗಂಟೆಗೆ ಸುಮಾರು 7 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ಒಂದೇ ಕೌಂಟರ್ ಇರುವ ಬ್ಯಾಂಕಿನಲ್ಲಿ ಸರತಿಯ ಸಾಲು ಎಷ್ಟೇ ಉದ್ದವಾದರೂ ಗುಮಾಸ್ತನ ಕೈ ಅದೇ ವೇಗದಲ್ಲಿ ಓಡುವಂತೆ, ಕುಡಿದದ್ದು ಎಷ್ಟೇ ಆಗಿರಲಿ, ಯಕೃತ್ತಿನ ವೇಗ ಹೆಚ್ಚುಕಡಿಮೆ ಅಷ್ಟೇ. ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ ಇವು ಯಾವುವೂ ಆ ಸಾಲನ್ನು ಬೇಗ ಕರಗಿಸಲಾರವು.

ಮೊದಲ ವ್ಯತ್ಯಾಸ: ದೇಹದ ನೀರು

ಮದ್ಯಸಾರ ನೀರಿನಲ್ಲಿ ಬೆರೆಯುತ್ತದೆ, ಕೊಬ್ಬಿನಲ್ಲಿ ಅಷ್ಟಾಗಿ ಬೆರೆಯುವುದಿಲ್ಲ. ಗಂಡಸಿನ ದೇಹತೂಕದಲ್ಲಿ ಸುಮಾರು ಶೇಕಡಾ 60, ಹೆಂಗಸಿನ ದೇಹತೂಕದಲ್ಲಿ ಸುಮಾರು ಶೇಕಡಾ 50 ನೀರಿನ ಅಂಶವಿರುತ್ತದೆ. ಒಂದೇ ಹಿಡಿ ಉಪ್ಪನ್ನು ದೊಡ್ಡ ಕೊಡಕ್ಕೂ ಸಣ್ಣ ಕೊಡಕ್ಕೂ ಹಾಕಿದರೆ ಯಾವುದರ ನೀರು ಹೆಚ್ಚು ಉಪ್ಪಾದೀತು ಎಂದು ನಮ್ಮ ಮನೆಯ ಯಾವ ಗೃಹಿಣಿಯೂ ಹೇಳಬಲ್ಲಳು.

ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್‌ಮಾರ್ಕ್ 1932ರಲ್ಲಿಯೇ ಈ ವಿಚಾರವನ್ನು ಸೂತ್ರರೂಪದಲ್ಲಿ ಪ್ರಕಟಿಸಿದರು. ದೇಹತೂಕವನ್ನು ಗಂಡಸರಿಗೆ 0.68ರಿಂದ, ಹೆಂಗಸರಿಗೆ 0.55ರಿಂದ ಗುಣಿಸಿ, ಕುಡಿದ ಮದ್ಯಸಾರವನ್ನು ಆ ಮೊತ್ತದಿಂದ ಭಾಗಿಸಬೇಕು. ತಲಾ 60 ಕಿಲೋ ತೂಗುವ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ತಲಾ 40 ಗ್ರಾಂ ಮದ್ಯಸಾರ, ಅಂದರೆ ಎರಡು ದೊಡ್ಡ ಪೆಗ್ ವಿಸ್ಕಿ ಸೇವಿಸಿದರೆಂದು ಇಟ್ಟುಕೊಳ್ಳೋಣ. ಕರಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಗಂಡಸಿನ ರಕ್ತದ 100 ಗ್ರಾಂನಲ್ಲಿ ಸುಮಾರು 98 ಮಿಲಿಗ್ರಾಂ, ಹೆಂಗಸಿನ ರಕ್ತದಲ್ಲಿ ಸುಮಾರು 121 ಮಿಲಿಗ್ರಾಂ ಬರುತ್ತದೆ. ತೂಕ ಒಂದೇ ಇದ್ದಾಗಲೂ ನಾಲ್ಕನೇ ಒಂದರಷ್ಟು ಹೆಚ್ಚಳ! ವಾಸ್ತವದಲ್ಲಿ ತೂಕವೂ ಒಂದೇ ಇರುವುದಿಲ್ಲ. ಗಂಡ 70 ಕಿಲೋ, ಹೆಂಡತಿ 55 ಕಿಲೋ ಇದ್ದರೆ ಅಂಕಿಗಳು 84 ಮತ್ತು 132 ಆಗುತ್ತವೆ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ವಿಧಿಸಿರುವ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬುದನ್ನು ಇಲ್ಲಿ ನೆನೆಯಬಹುದು. ಇಬ್ಬರೂ ಆ ಗೆರೆಯನ್ನು ಬಹುದೂರ ದಾಟಿದವರೇ.

ಎರಡನೆಯ ವ್ಯತ್ಯಾಸ: ಜಠರದ ಕಾವಲು

ಮದ್ಯಸಾರವನ್ನು ಕರಗಿಸುವ ಕಿಣ್ವ ಯಕೃತ್ತಿನಲ್ಲಷ್ಟೇ ಅಲ್ಲ, ಜಠರದ ಒಳಪದರದಲ್ಲಿಯೂ ಸ್ವಲ್ಪ ಇದೆ. ರಕ್ತಕ್ಕೆ ಸೇರುವ ಮುನ್ನವೇ ಒಂದಿಷ್ಟು ಭಾಗವನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಇಟಲಿಯ ಟ್ರಿಯೆಸ್ಟೆ ಮತ್ತು ನ್ಯೂಯಾರ್ಕಿನ ವಿಜ್ಞಾನಿಗಳು 20 ಮಂದಿ ಗಂಡಸರು ಮತ್ತು 23 ಮಂದಿ ಹೆಂಗಸರನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾಯಿತು. ಯಕೃತ್ತಿನ ಸಂಶೋಧನೆಯಲ್ಲಿ ಖ್ಯಾತರಾದ ಚಾರ್ಲ್ಸ್ ಲೀಬರ್ ಆ ತಂಡದಲ್ಲಿದ್ದರು. ಕುಡಿತದ ಚಟವಿಲ್ಲದ ಹೆಂಗಸರ ಜಠರದಲ್ಲಿ ಈ ಕಿಣ್ವದ ಚಟುವಟಿಕೆ ಗಂಡಸರದಕ್ಕೆ ಹೋಲಿಸಿದರೆ ಶೇಕಡಾ 59 ಮಾತ್ರ ಇತ್ತು. ರಕ್ತ ಸೇರುವ ಮುನ್ನವೇ ಕರಗಿದ ಮದ್ಯಸಾರದ ಪ್ರಮಾಣ ಶೇಕಡಾ 23 ಮಾತ್ರ. ಚಟಕ್ಕೆ ಬಿದ್ದ ಹೆಂಗಸರಲ್ಲಂತೂ ಆ ಕಾವಲು ಬಹುತೇಕ ಇಲ್ಲವಾಗಿತ್ತು.

ಈ ಶೋಧನೆಯ ಮೇಲೆ ಅನಂತರ ಸಾಕಷ್ಟು ಚರ್ಚೆ ನಡೆಯಿತು. ಜಠರದಲ್ಲಿ ಕರಗುವ ಪಾಲು ಒಟ್ಟು ಮೊತ್ತದಲ್ಲಿ ಸಣ್ಣದೆಂದೂ, ಹೊಟ್ಟೆ ಖಾಲಿ ಇದ್ದಾಗ ಮದ್ಯ ಬೇಗ ಕರುಳಿಗೆ ಇಳಿಯುವುದರಿಂದ ಯಾರಿಗೂ ಆ ರಕ್ಷಣೆ ಹೆಚ್ಚಾಗಿ ಸಿಗುವುದಿಲ್ಲವೆಂದೂ ಕೆಲವರು ತೋರಿಸಿದರು. 1993ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಇನ್ನೊಂದು ಮಾತನ್ನು ಸೇರಿಸಿತು: ಗಂಡಸರ ಈ ಅನುಕೂಲ ಯೌವನದ್ದು, ವಯಸ್ಸು ನಡುಹರೆಯ ದಾಟಿದಂತೆ ಅವರ ಜಠರದ ಕಿಣ್ವವೂ ಕುಂದುತ್ತದೆ. 'ನಮಗೆ ರೂಢಿ ಇದೆ' ಎಂದು ಎದೆತಟ್ಟಿಕೊಳ್ಳುವ ಐವತ್ತು ದಾಟಿದ ಗಂಡಸರು, ನಾವೂ ಸೇರಿದಂತೆ, ಇದನ್ನು ಗಮನಿಸುವುದು ಒಳಿತು.

ಅಚ್ಚರಿಯ ಸಂಗತಿ: ಹೆಣ್ಣಿನ ಯಕೃತ್ತು ನಿಧಾನವಲ್ಲ

ಹೆಂಗಸರ ಯಕೃತ್ತು ದುರ್ಬಲ, ಆದ್ದರಿಂದ ಮದ್ಯಸಾರ ನಿಧಾನವಾಗಿ ಕರಗುತ್ತದೆ ಎಂಬ ಮಾತನ್ನು ಅನೇಕರು ಆಡುತ್ತಾರೆ. ಇದು ನಿಜವಲ್ಲ. ಅಮೆರಿಕದ ಇಂಡಿಯಾನಾದ ಸಂಶೋಧಕರು 10 ಮಂದಿ ಗಂಡಸರಿಗೂ 10 ಮಂದಿ ಹೆಂಗಸರಿಗೂ ರಕ್ತನಾಳದ ಮೂಲಕ ಮದ್ಯಸಾರ ನೀಡಿ, ಸ್ಕ್ಯಾನ್ ಮೂಲಕ ಯಕೃತ್ತಿನ ಗಾತ್ರವನ್ನೂ ಅಳೆದು, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಬ್ಬರ ಯಕೃತ್ತಿನ ಗಾತ್ರದಲ್ಲಿಯೂ, ಗಂಟೆಗೆ ಕರಗಿದ ಮೊತ್ತದಲ್ಲಿಯೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಕೊಬ್ಬನ್ನು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕಿದರೆ ಹೆಂಗಸರ ಕರಗಿಸುವ ವೇಗವೇ ಶೇಕಡಾ 33ರಷ್ಟು ಹೆಚ್ಚಾಗಿತ್ತು! ಅಂದರೆ ದೇಹ ಚಿಕ್ಕದಾದರೂ ಯಕೃತ್ತು ಚಿಕ್ಕದಲ್ಲ; ತನ್ನ ಪಾಲಿನ ಕೆಲಸವನ್ನು ಅದು ಮೈಗಳ್ಳತನವಿಲ್ಲದೆ ಮಾಡುತ್ತದೆ.

ಇದನ್ನು ಮೇಲಿನ ಉದಾಹರಣೆಗೆ ಅನ್ವಯಿಸಿ ನೋಡೋಣ. ರಕ್ತದಲ್ಲಿನ ಮದ್ಯಸಾರ ಗಂಡಸಿನಲ್ಲಿ ಗಂಟೆಗೆ ಸುಮಾರು 15, ಹೆಂಗಸಿನಲ್ಲಿ ಸುಮಾರು 18 ಮಿಲಿಗ್ರಾಂನಂತೆ ಇಳಿಯುತ್ತದೆ. 60 ಕಿಲೋ ತೂಕದ ಇಬ್ಬರಿಗೂ ಸೊನ್ನೆ ತಲುಪಲು ಆರೂವರೆ ಗಂಟೆಯ ಆಸುಪಾಸು ಬೇಕು. ಸಾಲ ತೀರುವ ದಿನಾಂಕ ಒಂದೇ. ಆದರೆ ಆ ಅವಧಿಯುದ್ದಕ್ಕೂ ಬಾಕಿ ನಿಂತ ಮೊತ್ತ ಹೆಣ್ಣಿನ ಖಾತೆಯಲ್ಲಿಯೇ ಹೆಚ್ಚು. ಮಿದುಳು, ಹೃದಯ, ಯಕೃತ್ತು ಎಲ್ಲವೂ ಆ ಹೆಚ್ಚಿನ ಬಾಕಿಗೆ ಬಡ್ಡಿ ತೆರುತ್ತವೆ. ವೇಗವಾಗಿ ಕರಗಿಸುವುದೂ ಪೂರ್ಣ ಲಾಭವಲ್ಲ. ಬೇಗ ಕರಗಿದಂತೆ ಅಸಿಟಾಲ್ಡಿಹೈಡ್ ಎಂಬ ವಿಷವೂ ಬೇಗ ಬೇಗ ಹುಟ್ಟುತ್ತದೆ.

ಹಾನಿ ಹೆಚ್ಚಾಗುವುದೇಕೆ?

ಬರಿಯ ಪ್ರಮಾಣದ ಲೆಕ್ಕದಿಂದ ಎಲ್ಲವನ್ನೂ ವಿವರಿಸಲಾಗದು. ಮದ್ಯಸಾರವು ಕರುಳಿನ ಗೋಡೆಯನ್ನು ಸಡಿಲಗೊಳಿಸಿ, ಅಲ್ಲಿನ ಬ್ಯಾಕ್ಟೀರಿಯಾಗಳ ವಿಷಾಂಶ ಯಕೃತ್ತಿಗೆ ಸೋರುವಂತೆ ಮಾಡುತ್ತದೆ. ಯಕೃತ್ತಿನಲ್ಲಿ ಕಾವಲಿರುವ ಕುಪ್ಫರ್ ಕೋಶಗಳು ಕೆರಳಿ ಉರಿಯೂತವನ್ನು ಹುಟ್ಟಿಸುತ್ತವೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಈ ಎರಡನ್ನೂ ತೀವ್ರಗೊಳಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅಂಡಾಶಯ ತೆಗೆದ ಹೆಣ್ಣಿಲಿಗಳಲ್ಲಿ ಹಾನಿ ತಗ್ಗಿತು, ಈಸ್ಟ್ರೋಜನ್ ಮರಳಿ ಕೊಟ್ಟಾಗ ಹಾನಿಯೂ ಮರಳಿತು ಎಂದು 2000ದಲ್ಲಿ ವರದಿಯಾಯಿತು.

ಮನುಷ್ಯರ ವಿಷಯದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಅಧ್ಯಯನ ಕಣ್ತೆರೆಸುವಂಥದು. 13,000ಕ್ಕೂ ಹೆಚ್ಚು ಜನರನ್ನು 12 ವರ್ಷ ಅನುಸರಿಸಿ 1996ರಲ್ಲಿ ಪ್ರಕಟಿಸಿದ ಆ ವರದಿಯ ಪ್ರಕಾರ, ಮದ್ಯದಿಂದ ಬರುವ ಯಕೃತ್ತಿನ ರೋಗದ ಅಪಾಯ ಸ್ಪಷ್ಟವಾಗಿ ಏರತೊಡಗುವುದು ಗಂಡಸರಲ್ಲಿ ವಾರಕ್ಕೆ 14ರಿಂದ 27 ಲೋಟಗಳ ಮಟ್ಟದಲ್ಲಿ. ಹೆಂಗಸರಲ್ಲಿ 7ರಿಂದ 13 ಲೋಟಗಳ ಮಟ್ಟದಲ್ಲೇ. ಹೆಚ್ಚುಕಡಿಮೆ ಅರ್ಧ. ಕೊಬ್ಬು ತುಂಬಿದ ಯಕೃತ್ತು, ಉರಿಯೂತ, ಕೊನೆಗೆ ಗಂಟುಗಂಟಾಗಿ ಗಡುಸಾಗುವ ಸಿರೋಸಿಸ್ ಎಂಬ ಮೂರು ಮೆಟ್ಟಿಲುಗಳನ್ನು ಹೆಣ್ಣು ಕಡಿಮೆ ಕುಡಿತದಲ್ಲಿ, ಕಡಿಮೆ ವರ್ಷಗಳಲ್ಲಿ ಹತ್ತಿಬಿಡುತ್ತಾಳೆ. ಸಮಾಧಾನದ ಮಾತೆಂದರೆ, ಮೊದಲ ಮೆಟ್ಟಿಲಿನಿಂದ ಇಳಿದು ಬರಬಹುದು. ಕುಡಿತ ನಿಲ್ಲಿಸಿದರೆ ಕೊಬ್ಬು ಕೆಲವು ವಾರಗಳಲ್ಲೇ ಕರಗತೊಡಗುತ್ತದೆ.

ವೈದ್ಯರ ಹೊಸ ಪರಿಭಾಷೆಯೂ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ಸಕ್ಕರೆ ಕಾಯಿಲೆ, ಬೊಜ್ಜು ಮುಂತಾದವುಗಳಿಂದ ಬರುವ ಕೊಬ್ಬಿನ ಯಕೃತ್ತಿಗೂ ಮದ್ಯದ ಪಾಲಿರುವ ಕೊಬ್ಬಿನ ಯಕೃತ್ತಿಗೂ ನಡುವಣ ಗೆರೆಯನ್ನು 2023ರ ಅಂತಾರಾಷ್ಟ್ರೀಯ ವರ್ಗೀಕರಣ ಹೆಂಗಸರಿಗೆ ದಿನಕ್ಕೆ 20 ಗ್ರಾಂ, ಗಂಡಸರಿಗೆ 30 ಗ್ರಾಂ ಎಂದು ಬೇರೆ ಬೇರೆಯಾಗಿ ಎಳೆದಿದೆ. ಇದು ಸುರಕ್ಷತೆಯ ಗೆರೆಯಲ್ಲ, ರೋಗಕ್ಕೆ ಹೆಸರಿಡುವ ಗೆರೆ ಮಾತ್ರ. ಅನ್ನ, ಸಿಹಿ ಮತ್ತು ಕುಳಿತೇ ಮಾಡುವ ಕೆಲಸದ ನಮ್ಮ ನಗರಜೀವನದಲ್ಲಿ ಕೊಬ್ಬಿನ ಯಕೃತ್ತು ಮದ್ಯ ಮುಟ್ಟದವರಲ್ಲಿಯೂ ಕಾಣುತ್ತಿರುವಾಗ, ಅದರ ಮೇಲೆ ಮದ್ಯವೂ ಸೇರಿದರೆ ಗತಿ ಏನೆಂದು ಊಹಿಸಬಹುದು.

ಪೆಗ್ಗಿನ ಲೆಕ್ಕ, ಬಾಟಲಿಯ ಲೆಕ್ಕ

ಭಾರತದಲ್ಲಿ ಒಂದು ಪ್ರಮಾಣಿತ ಪಾನೀಯವೆಂದರೆ 10 ಗ್ರಾಂ ಮದ್ಯಸಾರವೆಂದು ಸಾಮಾನ್ಯವಾಗಿ ಗಣಿಸುತ್ತಾರೆ. ಶೇಕಡಾ 42.8 ಮದ್ಯಸಾರವಿರುವ ವಿಸ್ಕಿ, ರಮ್ ಅಥವಾ ಬ್ರಾಂದಿಯ 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಅಷ್ಟಿರುತ್ತದೆ. 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ 20 ಗ್ರಾಂ. ಶೇಕಡಾ 5ರ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ, ಶೇಕಡಾ 8ರ 'ಸ್ಟ್ರಾಂಗ್' ಬಿಯರಿನಲ್ಲಿ ಸುಮಾರು 41 ಗ್ರಾಂ ಇರುತ್ತದೆ. 'ಬಿಯರ್ ತಾನೆ, ಹೆಂಗಸರೂ ಕುಡಿಯಬಹುದು' ಎಂದು ಹೇಳುವವರು, ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಸಣ್ಣ ಪೆಗ್ಗಿಗೆ ಸಮ ಎಂಬುದನ್ನು ಅರಿಯಬೇಕು. ಹಣ್ಣಿನ ರಸದಲ್ಲಿ ಬೆರೆಸಿದ ಪಾನೀಯದ ಸಿಹಿಯಲ್ಲಿ ಮದ್ಯದ ರುಚಿ ಅಡಗಬಹುದು, ಗ್ರಾಂ ಅಡಗುವುದಿಲ್ಲ.

ನಮ್ಮ ನಾಡಿನ ಅಂಕಿಗಳು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟವರಲ್ಲಿ ಮದ್ಯ ಸೇವಿಸುವವರು ದೇಶದಲ್ಲಿ ಗಂಡಸರು ಶೇಕಡಾ 18.8, ಹೆಂಗಸರು ಶೇಕಡಾ 1.3. ಮಹಾರಾಷ್ಟ್ರದಲ್ಲಿ ಈ ಅಂಕಿಗಳು 13.9 ಮತ್ತು 0.4, ಕರ್ನಾಟಕದಲ್ಲಿ 16.5 ಮತ್ತು 0.9. ಹೆಂಗಸರ ಅಂಕಿ ಸಣ್ಣದೆಂದು ನಿಶ್ಚಿಂತರಾಗುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ವಿವೇಕ ಬೆನೆಗಲ್ ಮತ್ತು ಸಂಗಡಿಗರು ಅಂತಾರಾಷ್ಟ್ರೀಯ ಅಧ್ಯಯನವೊಂದರ ಅಂಗವಾಗಿ ಕರ್ನಾಟಕದಲ್ಲಿ ನಡೆಸಿದ ಸಮೀಕ್ಷೆಯನ್ನು 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಗ್ರಂಥದಲ್ಲಿ ಪ್ರಕಟಿಸಿತು. ಅದರಲ್ಲಿ ಕುಡಿಯುವ ಹೆಂಗಸರು ನೂರಕ್ಕೆ ಆರರ ಆಸುಪಾಸಿನಲ್ಲಿದ್ದರು. ಅದಕ್ಕಿಂತ ಮುಖ್ಯವಾಗಿ, ಕುಡಿಯುವ ಹೆಂಗಸರು ಒಂದು ಬಾರಿಗೆ ಸೇವಿಸುವ ಪ್ರಮಾಣ ಗಂಡಸರ ಪ್ರಮಾಣಕ್ಕೆ ಹತ್ತಿರವಾಗಿಯೇ ಇತ್ತು. ಕುಡಿಯುವವರು ಕಡಿಮೆ, ಆದರೆ ಕುಡಿದರೆ ಕಡಿಮೆಯಲ್ಲ. ಮೇಲೆ ಹೇಳಿದ ದೇಹಧರ್ಮವನ್ನು ಇದರೊಡನೆ ಸೇರಿಸಿ ಓದಿದರೆ ಅಪಾಯದ ಅರಿವಾಗುತ್ತದೆ.

ಹಾಗೆಂದು ಗಂಡಸರು ನಿರಾಳವಾಗುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಮದ್ಯದಿಂದ ಸತ್ತ 26 ಲಕ್ಷ ಜನರಲ್ಲಿ 20 ಲಕ್ಷ ಮಂದಿ ಗಂಡಸರೇ. ಹೆಣ್ಣಿನ ದೇಹ ಕಡಿಮೆ ಪ್ರಮಾಣಕ್ಕೇ ನಲುಗುತ್ತದೆ. ಗಂಡು ಹೆಚ್ಚು ಪ್ರಮಾಣ ಕುಡಿದು ನಲುಗುತ್ತಾನೆ.

ಅರಿತಿರಬೇಕಾದ ಇನ್ನೂ ಕೆಲವು

ಜ್ವರಕ್ಕೂ ತಲೆನೋವಿಗೂ ಮನೆಮನೆಯಲ್ಲಿ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಯಕೃತ್ತಿನಲ್ಲಿ ಕರಗುವಾಗ ಅದರ ಒಂದು ಸಣ್ಣ ಪಾಲು ವಿಷವಾಗುತ್ತದೆ. ನಿತ್ಯ ಕುಡಿಯುವವರಲ್ಲಿ ಸಿವೈಪಿ2ಇ1 ಕಿಣ್ವ ಹೆಚ್ಚಿರುವುದರಿಂದ ಆ ಪಾಲೂ ಹೆಚ್ಚುತ್ತದೆ. ಅಂಥವರು ವೈದ್ಯರನ್ನು ಕೇಳದೆ ಮಾತ್ರೆಯ ಮೇಲೆ ಮಾತ್ರೆ ನುಂಗಬಾರದು.

ಮದ್ಯಪಾನವನ್ನು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಘೋಷಿಸಿತು. ಅದರಿಂದ ಬರುವ ರೋಗಗಳ ಸಾಲಿನಲ್ಲಿ ಸ್ತನದ ಕ್ಯಾನ್ಸರ್ ಸಹ ಇದ್ದು, ದಿನಕ್ಕೆ ಒಂದು ಲೋಟದಷ್ಟು ಕುಡಿತವೂ ಆ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ಗರ್ಭಿಣಿ ಕುಡಿದರೆ ಮದ್ಯಸಾರ ಶಿಶುವನ್ನೂ ತಲುಪುತ್ತದೆ. ಶಿಶುವಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಆ ಒಂಬತ್ತು ತಿಂಗಳು ಒಂದು ಹನಿಯೂ ಸಲ್ಲದು. ಎಷ್ಟು ಕುಡಿದರೂ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ಮುಚ್ಚಿಡುವುದೇ ದೊಡ್ಡ ಕೇಡು

ಮದ್ಯದ ವಿರುದ್ಧ ನಮ್ಮ ಹೆಣ್ಣುಮಕ್ಕಳ ಹೋರಾಟಕ್ಕೆ ದೀರ್ಘ ಇತಿಹಾಸವಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಇಲ್ಲಿ ಮಹಾರಾಷ್ಟ್ರದಲ್ಲಿ ಊರಿನ ಮದ್ಯದಂಗಡಿ ಇರಬೇಕೇ ಬೇಡವೇ ಎಂದು ಮತ ಹಾಕುವ, ನಿಂತ ಬಾಟಲಿ ಮತ್ತು ಅಡ್ಡ ಬಾಟಲಿಯ ಚುನಾವಣೆ ಪ್ರಸಿದ್ಧವಾದುದು. ಈ ಹೋರಾಟಗಳಲ್ಲೆಲ್ಲ ಹೆಣ್ಣು ಕುಡುಕನ ಹೆಂಡತಿ ಅಥವಾ ತಾಯಿ. ಅವಳೇ ಕುಡಿತಕ್ಕೆ ಸಿಲುಕಿದರೆ ಏನು ಮಾಡಬೇಕೆಂದು ನಮ್ಮ ಸಮಾಜಕ್ಕೆ ತಿಳಿಯದು. ಗಂಡಸಿನ ಕುಡಿತವನ್ನು ದುರಭ್ಯಾಸವೆನ್ನುವ ನಾವು ಹೆಂಗಸಿನ ಕುಡಿತವನ್ನು ಕಳಂಕವೆನ್ನುತ್ತೇವೆ. ಅವಳು ಮುಚ್ಚಿಡುತ್ತಾಳೆ, ಮನೆಯವರು ಮುಚ್ಚಿಡುತ್ತಾರೆ. ಬೇಗ ಹಾಳಾಗುವ ಯಕೃತ್ತು ತಡವಾಗಿ ವೈದ್ಯರ ಮುಂದೆ ಬರುತ್ತದೆ.

ನಮ್ಮ ಬಾಂಧವರಲ್ಲಿ ಅನೇಕರ ಅನ್ನ ಹೋಟೆಲು, ಬಾರ್ ಅಂಡ್ ರೆಸ್ಟೋರೆಂಟ್ ಉದ್ಯಮದಲ್ಲಿದೆ. ಈ ಲೇಖನ ಆ ಉದ್ಯಮದ ದೂಷಣೆಯಲ್ಲ. ಇದು ಹೆಣ್ಣುಮಕ್ಕಳ ಮೇಲೆ ಕಾವಲು ಹೆಚ್ಚಿಸಲು ಕೊಡುವ ನೆಪವೂ ಅಲ್ಲ. 'ನೋಡು, ವಿಜ್ಞಾನವೇ ನಿನಗೆ ಬೇಡವೆನ್ನುತ್ತದೆ' ಎಂದು ಮಗಳಿಗೆ ಹೇಳಿ, ಮಗನ ಲೋಟ ತುಂಬಿಸುವ ತಂದೆಗೆ ಈ ವಿಷಯ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ಸಮಾನತೆ ಎಂಬುದು ಹಕ್ಕಿನ ಮಾತು, ಗ್ರಾಂಗಳ ಮಾತಲ್ಲ. ಸ್ನೇಹಿತರ ಕೂಟದಲ್ಲಿ ಹುಡುಗಿ 'ನನಗೆ ಸಾಕು' ಎಂದರೆ ಅದನ್ನು ಹಿಂಜರಿಕೆಯೆಂದು ನಗಬಾರದು. ಹುಡುಗ 'ಸಾಕು' ಎಂದಾಗಲೂ ನಗಬಾರದು.

ನೆರವು ಬೇಕಾದವರಿಗೆ ದಾರಿಗಳಿವೆ. ವ್ಯಸನಮುಕ್ತಿಗೆ ಕೇಂದ್ರ ಸರಕಾರದ ಉಚಿತ ದೂರವಾಣಿ 14446. ಮಾನಸಿಕ ಆರೋಗ್ಯಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕುಟುಂಬದ ವೈದ್ಯರು 'ಕುಡಿಯುತ್ತೀರಾ?' ಎಂದು ಕೇಳಿದಾಗ ಗಂಡಸಾಗಲಿ ಹೆಂಗಸಾಗಲಿ ನಿಜವನ್ನೇ ಹೇಳಬೇಕು. ವೈದ್ಯರು ಕೇಳದಿದ್ದರೆ ತಾವೇ ಹೇಳಬೇಕು. ಸಾಮಾನ್ಯ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸೋನೋಗ್ರಫಿಯಿಂದ ಯಕೃತ್ತಿನ ಸ್ಥಿತಿಯ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಕೊನೆಗೊಂದು ಲೆಕ್ಕ. ಭಾರತದಲ್ಲಿ 1995ರಿಂದ 2021ರವರೆಗೆ ನಡೆದ 36,640 ಅಂಗ ಕಸಿಗಳಲ್ಲಿ 29,000ಕ್ಕೂ ಹೆಚ್ಚು ಅಂಗಗಳು ಸೇರಿದ್ದು ಗಂಡಸರಿಗೆ. ಹೆಂಗಸರಿಗೆ ಸುಮಾರು 7,000 ಮಾತ್ರ. ಬದುಕಿರುವಾಗಲೇ ಅಂಗದಾನ ಮಾಡಿದವರಲ್ಲಿ ಮಾತ್ರ ಹೆಚ್ಚಿನವರು ಹೆಂಗಸರೇ. ಗಂಡನ, ಮಗನ, ಅಣ್ಣನ ಯಕೃತ್ತು ಕೆಟ್ಟಾಗ ತನ್ನದನ್ನು ಕೊಯ್ದು ಕೊಡಲು ಮುಂದೆ ಬರುವವಳು ಬಹುಪಾಲು ಅವಳೇ. ಅವಳ ಯಕೃತ್ತಿನ ಬಗ್ಗೆ ಅವಳಿಗೂ ಮನೆಮಂದಿಗೂ ಇಷ್ಟಾದರೂ ತಿಳಿದಿರಲಿ ಎಂಬುದೇ ನಮ್ಮ ಆಶಯ.